ಮೊದಲ ಏರ್ ರೈಫಲ್, ಮೊದಲ ಸ್ಕೋಪ್: ಕರಾವಳಿಯವರು ಕೊಳ್ಳುವ ಮುಂಚೆ

ಮಂಗಳೂರು, ಉಡುಪಿ ಕಡೆ ಯಾರಾದರೂ ಏರ್ ರೈಫಲ್ ತಗೊಳ್ಳುತ್ತೇನೆ ಅಂದರೆ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ ಒಂದೇ. "ಇದರಲ್ಲಿ ಮೊಲ ಬೀಳ್ತದಾ ಮಾರಾಯ್ರೆ?" ಅಜ್ಜಂದಿರ ಬೋಂಟೆಯ ಕಥೆ ಕೇಳಿ ಬೆಳೆದ ಊರಿನಲ್ಲಿ ಈ ಪ್ರಶ್ನೆ ಬರುವುದು ಸಹಜವೇ. ಉತ್ತರ ಮಾತ್ರ ಚಿಕ್ಕದು. ಬೀಳುತ್ತದೋ ಇಲ್ಲವೋ, ಬೀಳಿಸುವ ಹಾಗಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಮೊಲವನ್ನು ಮನಸ್ಸಲ್ಲಿಟ್ಟುಕೊಂಡು ಅಂಗಡಿಗೆ ಹೋದವರು ಜಾಸ್ತಿ ಪವರ್ ಇರುವ, ಜಾಸ್ತಿ ಜೂಮ್ ಇರುವ ಸಾಮಾನು ಹುಡುಕುತ್ತಾರೆ. ಕಾಗದದ ಗುರಿಗೆ ಹೊಡೆದು ಕಲಿಯುವವರಿಗೆ ಬೇಕಾದದ್ದು ಹೆಚ್ಚುಕಮ್ಮಿ ಅದರ ಉಲ್ಟಾ. ಹಗುರ ಪವರ್, ಒಳ್ಳೆಯ ಟ್ರಿಗರ್, ಸಾಧಾರಣ ಸ್ಕೋಪ್ (ಗುರಿ ನೋಡುವ ದುರ್ಬೀನು), ಅದನ್ನು ರೈಫಲಿಗೆ ಬಿಗಿಯುವ ಗಟ್ಟಿ ಮೌಂಟ್. ಈ ಲೇಖನ ಎರಡನೆಯವರಿಗೆ.

ಮೊದಲು ಕಾನೂನು, ಬೇಗ ಮುಗಿಸೋಣ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಸಂರಕ್ಷಿತ ಪ್ರಾಣಿಗಳ ಹೊಸ ಪಟ್ಟಿಗಳು ಜಾರಿಗೆ ಬಂದಿವೆ. ಮೊಲ, ಕಾಡುಕೋಳಿ, ಬರಿಂಕ, ಕಾಡುಹಂದಿ, ಎಲ್ಲವೂ ಆ ಪಟ್ಟಿಗಳ ಒಳಗೇ ಇವೆ. ಕೊಂದರೆ ಮಾತ್ರ ಬೇಟೆ ಅಂತ ಅಂದುಕೊಳ್ಳಬೇಡಿ. ಗಾಯ ಮಾಡಿದರೂ, ಗುರಿಯಿಟ್ಟು ತಪ್ಪಿಹೋದರೂ ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆಯೇ. "ನಮ್ಮ ತೋಟದಲ್ಲೇ ಹೊಡೆದದ್ದು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾರ್ಕಳದ ಎಷ್ಟೋ ಕೃಷಿಕರ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಡುವ ರಗಳೆಯೂ ಅವರಿಗೆ ಗೊತ್ತು. ಆ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು. ಪ್ರಾಣಿ ಕೊಲ್ಲುವ ಅನುಮತಿ ಬೇರೆಯೇ ವಿಷಯ, ಅದು ಅರಣ್ಯ ಇಲಾಖೆಯ ಕೈಯಲ್ಲಿದೆ. ಏರ್ ರೈಫಲಿಗಂತೂ ಈ ಎರಡೂ ಸಂಬಂಧವಿಲ್ಲ. ಹೆಗ್ಗಣದ ಕಾಟ ಇದ್ದರೆ ಬೋನು ಇಡಿ. ಕತ್ತಲೆಯಲ್ಲಿ ಪೆಲೆಟ್ (ಏರ್ ರೈಫಲಿನ ಸಣ್ಣ ಗುಂಡು) ಹೊಡೆದು ಅರೆಜೀವ ಮಾಡುವುದಕ್ಕಿಂತ ಅದೇ ವಾಸಿ.

ಇನ್ನೊಂದು ಸಂಗತಿ, ಹೆಚ್ಚಿನವರ ತಲೆಗೇ ಹೋಗದ್ದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯಲ್ಲಿ ಆಯುಧ ಅಂದರೆ ಬರೀ ಬಂದೂಕು ಅಲ್ಲ. ಪ್ರಾಣಿಗೆ ಗಾಯ ಮಾಡಬಲ್ಲ ಯಾವ ಸಾಧನವೂ ಅದರಲ್ಲಿ ಬರುತ್ತದೆ. ಕಾರ್ಕಳದಿಂದ ಎಸ್.ಕೆ. ಬಾರ್ಡರ್ ಕಡೆಗೆ ಹೋಗುವ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ ಹಾದುಹೋಗುತ್ತದೆ. ಡಿಕ್ಕಿಯಲ್ಲಿ ಏರ್ ರೈಫಲ್ ಇಟ್ಟುಕೊಂಡು ಶೃಂಗೇರಿಗೆ ಹೊರಟರೆ ತಪಾಸಣೆಯಲ್ಲಿ ಸಿಕ್ಕಿಬೀಳುವುದು ನೀವೇ. ಸುಮ್ನೆ ಮನೆಯಲ್ಲೇ ಬಿಟ್ಟುಹೋಗಿ.

ಹಂತ 1: ಯಾವ ಶೂಟಿಂಗ್ ಅಂತ ತೀರ್ಮಾನ ಮಾಡಿ

ಇಲ್ಲಿ ದಾರಿ ಎರಡಾಗುತ್ತದೆ. ತಪ್ಪು ದಾರಿ ಹಿಡಿದರೆ ಹಣ ಎರಡು ಸಲ ಹೋಗುತ್ತದೆ.

ಒಂದು, ಸ್ಪರ್ಧೆಯ ದಾರಿ. 10 ಮೀಟರ್ ಏರ್ ರೈಫಲ್, ಅಂದರೆ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆ. ಅದರಲ್ಲಿ ಸ್ಕೋಪ್ ಹಾಕುವ ಹಾಗೇ ಇಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಉಂಗುರ, ಅಷ್ಟೇ. ರೈಫಲ್ 5.5 ಕಿಲೋ ಮೀರಬಾರದು. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಮಗ ಅಥವಾ ಮಗಳು ಈ ದಾರಿಯಲ್ಲಿ ಹೋಗಬೇಕು ಅಂತಿದ್ದರೆ ಸ್ಕೋಪಿನ ಆಸೆ ಈಗಲೇ ಬಿಡಿ. ರೈಫಲನ್ನೂ ಕೂಡಲೇ ಕೊಳ್ಳಬೇಡಿ. ಮೊದಲು ಕೋಚ್ ಇರುವ ರೇಂಜಿಗೆ ಸೇರಿಸಿ. ಕೆಲವು ತಿಂಗಳು ಅಲ್ಲಿಯದೇ ರೈಫಲಿನಲ್ಲಿ ಹೊಡೆಯಲಿ. ವಾಲ್ಟರ್, ಫೈನ್‌ವೆರ್ಕ್‌ಬೌ, ಸ್ಟೈರ್ ಮುಂತಾದ ಸ್ಪರ್ಧಾ ರೈಫಲುಗಳ ಬೆಲೆ ಲಕ್ಷದ ಲೆಕ್ಕದಲ್ಲಿರುತ್ತದೆ. ಮಗುವಿನ ಆಸಕ್ತಿ ಎಷ್ಟು ದಿನ ನಿಲ್ಲುತ್ತದೆ ಅಂತ ನೋಡಿ ಆಮೇಲೆ ಕೈ ಹಾಕುವುದು ಬುದ್ಧಿವಂತಿಕೆ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಇನ್ನೂ ಒಳ್ಳೆಯದು. .22 ರೈಫಲಿನಲ್ಲಿ ನಿಜವಾದ ಗುಂಡು ಹೊಡೆಯುವ ಶಿಸ್ತು ಖರ್ಚಿಲ್ಲದೆ ಸಿಗುತ್ತದೆ.

ಎರಡನೆಯದು ಹವ್ಯಾಸದ ದಾರಿ. ಮನೆಯ ಹಿಂದೆ ಜಾಗ ಇದೆ, ಭಾನುವಾರ ಬೆಳಗ್ಗೆ 15, 20, 25 ಮೀಟರಿನಲ್ಲಿ ಕಾಗದಕ್ಕೆ, ಡಬ್ಬಕ್ಕೆ ಹೊಡೆಯಬೇಕು. ಸ್ಕೋಪ್ ಬೇಕಾಗುವುದು ಇಲ್ಲಿ. ಮುಂದಿನದೆಲ್ಲ ಈ ದಾರಿಯವರಿಗೆ.

ಹಂತ 2: 4.5 ಮಿ.ಮೀ., 20 ಜೂಲ್

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲಿಗೆ ಗೆರೆ ಎಳೆದಿರುವುದು ಎರಡು ಅಳತೆಯಲ್ಲಿ. ನಳಿಗೆಯ ಅಳತೆ .177, ಅಂದರೆ 4.5 ಮಿಲಿಮೀಟರ್. ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲಿನ ಒಳಗೆ. ಇಷ್ಟರೊಳಗೆ ಇದ್ದರೆ ಲೈಸೆನ್ಸ್ ಬೇಡ. ದಾಟಿದರೆ ಬೇಕು. ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ, ಕೊಡಿ. ಬಿಲ್ ಕೇಳಿ ಪಡೆಯಿರಿ, ಅದರ ಫೋಟೋ ಮೊಬೈಲಿನಲ್ಲಿ ಇರಲಿ. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಮಾತಿಗಿಂತ ಬಿಲ್ ಕೆಲಸ ಮಾಡುತ್ತದೆ. ಬಿಲ್ ಇಲ್ಲದ, ಯಾರೋ ಗಲ್ಫಿನಿಂದ ತಂದ, "ಇದು .22, ಭಾರೀ ಪವರ್" ಅನ್ನುವ ಸೆಕೆಂಡ್ ಹ್ಯಾಂಡ್ ಸಾಮಾನಿನಿಂದ ದೂರ ಇರಿ.

ಜೂಲ್ ಅಂದರೆ ಗಾಬರಿ ಬೇಡ. ಲೆಕ್ಕ ಶಾಲೆಯದ್ದೇ. ಕಿಲೋದಲ್ಲಿ ಬರೆದ ತೂಕದ ಅರ್ಧವನ್ನು ವೇಗದ ವರ್ಗಕ್ಕೆ ಗುಣಿಸುವುದು. ಸಾಧಾರಣ .177 ಪೆಲೆಟಿನ ತೂಕ ಅರ್ಧ ಗ್ರಾಮಿಗಿಂತ ಸ್ವಲ್ಪ ಜಾಸ್ತಿ. 0.53 ಗ್ರಾಮ್ ಅಂದುಕೊಳ್ಳಿ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೋದರೆ ಸುಮಾರು 8 ಜೂಲ್. 275 ಮೀಟರ್ ವೇಗಕ್ಕೆ ಹೋದಾಗ 20ರ ಗೆರೆ ಮುಟ್ಟುತ್ತದೆ. ಜಾಹೀರಾತುಗಳಲ್ಲಿ "1200 ಅಡಿ ವೇಗ" ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ತುಂಬಾ ಹಗುರದ ಪೆಲೆಟ್ ಹಾಕಿ ತೆಗೆದ ಅಂಕಿ ಆಗಿರಬಹುದು, ಅಥವಾ ಗೆರೆ ದಾಟಿದ ರೈಫಲೇ ಆಗಿರಬಹುದು. ಎರಡೂ ನಿಮಗೆ ಬೇಡ.

ನನ್ನ ಅಭಿಪ್ರಾಯ ಕೇಳಿದರೆ 20ರ ಹತ್ತಿರಕ್ಕೂ ಹೋಗುವುದು ಬೇಡ. 8ರಿಂದ 14 ಜೂಲ್ ಇರುವ ರೈಫಲ್ ಕಲಿಯುವವರಿಗೆ ಸಾಕೋ ಸಾಕು. ಕಾಗದಕ್ಕೆ ತೂತು ಬೀಳಲು ಪವರ್ ಬೇಕಿಲ್ಲ. ಪವರ್ ಜಾಸ್ತಿ ಆದಷ್ಟೂ ಸ್ಪ್ರಿಂಗ್ ಗಟ್ಟಿ, ಬ್ಯಾರೆಲ್ ಮಡಚುವುದು ಕಷ್ಟ, ಒದೆತ ಜೋರು, ಗುರಿ ಚದುರುವುದೂ ಜಾಸ್ತಿ.

ಹಂತ 3: ಸ್ಪ್ರಿಂಗೋ, ಗಾಳಿ ಸಿಲಿಂಡರೋ

ಸ್ಪ್ರಿಂಗ್ ರೈಫಲಿನಲ್ಲಿ ಬ್ಯಾರೆಲನ್ನು ಅಥವಾ ಕೆಳಗಿನ ಲಿವರನ್ನು ಎಳೆದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ಹಾರಿ ಗಾಳಿಯನ್ನು ಹಿಂಡುತ್ತದೆ, ಆ ಗಾಳಿ ಪೆಲೆಟನ್ನು ತಳ್ಳುತ್ತದೆ. ಬೇರೆ ಯಾವ ಸಲಕರಣೆಯೂ ಬೇಡ. ಗ್ಯಾಸ್ ರ‍್ಯಾಮ್ ಅನ್ನುವುದೂ ಇದೇ ಜಾತಿ, ಸ್ಪ್ರಿಂಗಿನ ಜಾಗದಲ್ಲಿ ಗ್ಯಾಸ್ ತುಂಬಿದ ಕೊಳವೆ ಇರುತ್ತದೆ.

ಪಿಸಿಪಿ, ಅಂದರೆ ಗಾಳಿಯನ್ನು ಮೊದಲೇ ತುಂಬಿಡುವ ರೈಫಲ್, ಬೇರೆ ಲೋಕ. ರೈಫಲಿಗೇ ಅಂಟಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಆಸುಪಾಸು ಗಾಳಿ ತುಂಬಿಡಬೇಕು. ಒದೆತ ಇಲ್ಲವೇ ಇಲ್ಲ ಅನ್ನಬಹುದು, ಗುರಿ ಸುಲಭ. ಆದರೆ ಗಾಳಿ ತುಂಬಲು ಕೈಪಂಪೋ ಕಂಪ್ರೆಸರೋ ಬೇಕು. ನಮ್ಮ ಊರಿನ ಜೂನ್ ತಿಂಗಳ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಒಣಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅದೇ ಗಾಳಿಯನ್ನು 200 ಪಟ್ಟು ಒತ್ತಿ ಸಿಲಿಂಡರಿಗೆ ತುಂಬಿದರೆ ಅದರೊಳಗಿನ ತೇವ ನೀರಾಗಿ ಕೂರುತ್ತದೆ. ಒಳಗೆ ತುಕ್ಕು ಶುರುವಾದರೆ ಹೊರಗಿನಿಂದ ಕಾಣುವುದಿಲ್ಲ. ತೇವ ಹೀರುವ ಫಿಲ್ಟರ್ ಇಲ್ಲದೆ, ಅದನ್ನು ಕಾಲಕಾಲಕ್ಕೆ ಬದಲಿಸದೆ ಕರಾವಳಿಯಲ್ಲಿ ಪಿಸಿಪಿ ಇಟ್ಟುಕೊಳ್ಳುವುದು ಸರಿಯಲ್ಲ.

ಹಾಗಾಗಿ ಮೊದಲ ರೈಫಲ್ ಸ್ಪ್ರಿಂಗಿನದ್ದೇ ಇರಲಿ. ಭಾರತದ್ದೇ ಆದ ಪ್ರೆಸಿಹೋಲ್‌ನಂಥ ಕಂಪನಿಗಳ ಸ್ಪ್ರಿಂಗ್ ರೈಫಲುಗಳಿಗೆ ಬಿಡಿಭಾಗ, ಸೀಲು, ಸ್ಪ್ರಿಂಗು ದೇಶದೊಳಗೇ ಸಿಗುತ್ತವೆ. ಜರ್ಮನಿಯ ಡಯಾನಾ, ವೈರೌಖ್ ಒಳ್ಳೆಯವೇ. ವೈರೌಖಿನ ಟ್ರಿಗರಿಗಂತೂ ಒಳ್ಳೆಯ ಹೆಸರಿದೆ. ಆದರೆ ಆಮದು ಸಾಮಾನಿಗೆ ಬೆಲೆಯೂ ಜಾಸ್ತಿ, ಬಿಡಿಭಾಗಕ್ಕೆ ಕಾಯುವುದೂ ಜಾಸ್ತಿ. ಸ್ಪ್ರಿಂಗ್ ರೈಫಲಿಗೆ ಇನ್ನೊಂದು ಗುಣ ಇದೆ. ನಿಮ್ಮ ಹಿಡಿತ ತಪ್ಪಿದರೆ ಕೂಡಲೇ ಗುರಿಯಲ್ಲಿ ತೋರಿಸಿಬಿಡುತ್ತದೆ. ಇದರಲ್ಲಿ ಕಲಿತವರು ಬೇರೆ ಯಾವುದನ್ನು ಹಿಡಿದರೂ ಚೆನ್ನಾಗಿ ಹೊಡೆಯುತ್ತಾರೆ.

ಹಂತ 4: ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವುದು

ಆನ್‌ಲೈನಿನಲ್ಲಿ ತರಿಸುವ ಮುಂಚೆ ಒಂದು ಸಲವಾದರೂ ಅದೇ ಮಾದರಿಯನ್ನು ಕೈಯಲ್ಲಿ ಹಿಡಿಯಿರಿ. ಅಂಗಡಿ ಇಲ್ಲದಿದ್ದರೆ ಇಟ್ಟುಕೊಂಡವರ ಮನೆಗೆ ಹೋಗಿ.

ಕಣ್ಣು ಮುಚ್ಚಿ ರೈಫಲನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಹಿಡಿಗೆ ತಾಗಿಸಿ, ಆಮೇಲೆ ಕಣ್ಣು ತೆರೆಯಿರಿ. ನೋಟ ನೇರವಾಗಿ ಸೈಟಿನ ಸಾಲಿಗೆ ಬಂದಿದ್ದರೆ ಅಳತೆ ಸರಿ. ಕುತ್ತಿಗೆ ಚಾಚಬೇಕಾದರೆ ಅಥವಾ ತಲೆ ಎತ್ತಬೇಕಾದರೆ ಅದು ನಿಮ್ಮದಲ್ಲ. ತೂಕ 3 ಕಿಲೋ ಸುತ್ತಮುತ್ತ ಇದ್ದರೆ ದೊಡ್ಡವರಿಗೆ ಹಿತ. ಅದರ ಮೇಲೆ ಸ್ಕೋಪ್, ಮೌಂಟ್ ಸೇರಿ ಇನ್ನೂ ಅರ್ಧ ಕಿಲೋಗಿಂತ ಜಾಸ್ತಿ ಆಗುತ್ತದೆ ಅನ್ನುವುದು ನೆನಪಿರಲಿ.

ಆಮೇಲೆ ಬ್ಯಾರೆಲ್ ಮಡಚಿ ನೋಡಿ. ಹತ್ತು ಸಲ ಮಡಚುವಷ್ಟರಲ್ಲಿ ತೋಳು ನಡುಗಿದರೆ ಆ ಮಾದರಿ ಬೇಡ. ಒಂದು ಬೆಳಗ್ಗೆಗೆ ಐವತ್ತು ಅರವತ್ತು ಸಲ ಮಡಚಬೇಕಾಗುತ್ತದೆ. ಮಡಚುವಾಗ, ಪೆಲೆಟ್ ಹಾಕುವಾಗ ಒಂದು ಕೈ ಬ್ಯಾರೆಲನ್ನು ಹಿಡಿದೇ ಇರಬೇಕು. ಸ್ಪ್ರಿಂಗನ್ನು ತಡೆದಿಡುವ ಸಿಯರ್ ಎಂಬ ಕೊಕ್ಕೆ ಜಾರಿ ಬ್ಯಾರೆಲ್ ಮೇಲಕ್ಕೆ ಬಡಿದರೆ ಬೆರಳು ಹೋಗುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ತೋರಿಸಿ ಅಂತ ಅಂಗಡಿಯವರನ್ನು ಕೇಳಬೇಡಿ. ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ, ಸೀಲಿಗೆ ಪೆಟ್ಟು. ಹಾಗೆ ಟಪಟಪ ಹೊಡೆದು ತೋರಿಸುವ ಅಂಗಡಿಯಿಂದ ಪ್ರದರ್ಶನಕ್ಕಿಟ್ಟ ರೈಫಲನ್ನು ಕೊಳ್ಳಲೂ ಬೇಡಿ.

ಟ್ರಿಗರಿನಲ್ಲಿ ಎರಡು ಹಂತ ಇರಬೇಕು. ಮೊದಲ ಹಂತ ಹಗುರವಾಗಿ ಬಂದು ಒಂದು ಕಡೆ ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಒತ್ತಿದರೆ ಬಿಡುತ್ತದೆ. ಆ ನಿಲ್ಲುವ ಜಾಗ ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಬ್ಯಾರೆಲ್ ಹೊಳಪು, ಕ್ಯಾಮೊ ಬಣ್ಣ, ಮೂಗಿಗೆ ಸಿಕ್ಕಿಸಿದ ದಪ್ಪ ಕೊಳವೆ ಇವೆಲ್ಲ ಅಲಂಕಾರ. ಟ್ರಿಗರ್ ಚೆನ್ನಾಗಿದ್ದರೆ ಉಳಿದ ಸಣ್ಣಪುಟ್ಟ ಕೊರತೆ ಸಹಿಸಬಹುದು.

ರೈಫಲಿನ ಮೇಲ್ಭಾಗದಲ್ಲಿ ಸ್ಕೋಪ್ ಕೂರಿಸುವ 11 ಮಿಲಿಮೀಟರಿನ ಹಳಿ ಇದೆಯಾ ನೋಡಿ. ಅದರ ಹಿಂಬದಿಯಲ್ಲಿ ಮೌಂಟ್ ಜಾರದಂತೆ ತಡೆಯುವ ಕಡ್ಡಿಗೆ ತೂತು ಅಥವಾ ಅಡ್ಡ ತುಂಡು ಇರಬೇಕು. ಇಲ್ಲದಿದ್ದರೆ ಒದೆತಕ್ಕೆ ಸ್ಕೋಪ್ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಜಾರುತ್ತದೆ.

ಹಂತ 5: ಸ್ಕೋಪ್

ಇಲ್ಲೇ ಹೆಚ್ಚಿನವರು ಎಡವುವುದು. "ಬಂದೂಕಿನ ಸ್ಕೋಪ್, ಭಾರೀ ಗಟ್ಟಿ, ಏರ್ ರೈಫಲ್ ಯಾವ ಲೆಕ್ಕ" ಅಂತ ದುಬಾರಿ ಸ್ಕೋಪ್ ಹಾಕುತ್ತಾರೆ. ಕೆಲವೇ ದಿನದಲ್ಲಿ ಗುರಿ ಹಿಡಿಯುವ ಒಳಗಿನ ಗೆರೆ ಓರೆಯಾಗುತ್ತದೆ, ಇಲ್ಲವೇ ಲೆನ್ಸ್ ಸಡಿಲವಾಗುತ್ತದೆ.

ಕಾರಣ ಇಷ್ಟೇ. ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಎರಡೂ ಕಡೆ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ಹಾರುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಹೋಗಿ ನಿಂತಾಗ ರೈಫಲ್ ಮುಂದಕ್ಕೆ. ಹಿಂದಿನ ಒದೆತಕ್ಕಷ್ಟೇ ಆನಿಸಿ ಕೂರಿಸಿದ ಲೆನ್ಸುಗಳಿಗೆ ಈ ಮುಂದಿನ ಎಳೆತ ತಡೆಯಲು ಆಗುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಎಷ್ಟು ಜೂಮ್" ಅಲ್ಲ, "ಸ್ಪ್ರಿಂಗ್ ಏರ್ ರೈಫಲಿಗೆ ಆಗುತ್ತದಾ" ಅಂತ. ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ವಿವರದಲ್ಲಿ ಅದು ಬರೆದಿರಬೇಕು.

ಎರಡನೆಯದು ಪ್ಯಾರಲಾಕ್ಸ್. ಸ್ಕೋಪಿನ ಹಿಂದೆ ತಲೆಯನ್ನು ಸ್ವಲ್ಪ ಆಚೀಚೆ ಮಾಡಿದಾಗ ಗುರಿಯ ಮೇಲಿನ ಗೆರೆ ಜರುಗಿದಂತೆ ಕಂಡರೆ ಅದೇ ಪ್ಯಾರಲಾಕ್ಸ್. ಬಂದೂಕಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ನಮ್ಮದು 10ರಿಂದ 25 ಮೀಟರಿನ ಆಟ. ಅಷ್ಟು ಹತ್ತಿರದಲ್ಲಿ ಆ ಸ್ಕೋಪಿನಲ್ಲಿ ಚಿತ್ರವೂ ಮಸುಕು, ಗೆರೆಯೂ ಓಡಾಡುತ್ತದೆ. ಮುಂದಿನ ಗಾಜಿನ ಸುತ್ತ ಅಥವಾ ಎಡಬದಿಯಲ್ಲಿ ದೂರ ಹೊಂದಿಸುವ ತಿರುಗಣೆ ಇರುವ ಸ್ಕೋಪ್ ತಗೊಳ್ಳಿ. ಅದು 10 ಗಜ, ಅಂದರೆ 9 ಮೀಟರ್‌ವರೆಗೆ ಇಳಿಯಬೇಕು. ಹೆಸರಿನ ಕೊನೆಯಲ್ಲಿ "ಎಒ" ಅಂತ ಇದ್ದರೆ ಮುಂಗಾಜಿನ ತಿರುಗಣೆ ಇದೆ ಅಂತ.

ಜೂಮ್ 3-9×40 ಸಾಕು. ಮೊದಲ ಎರಡು ಅಂಕಿ ಮೂರು ಪಟ್ಟಿನಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ ಅಂತ, ಕೊನೆಯದು ಮುಂಗಾಜಿನ ಅಗಲ ಮಿಲಿಮೀಟರಿನಲ್ಲಿ. ಬೇಕಿದ್ದರೆ 4-12. ಅದಕ್ಕಿಂತ ಮೇಲೆ ಹೋದರೆ ನಿಮ್ಮ ಉಸಿರು, ಎದೆಬಡಿತ ಎಲ್ಲ ದೊಡ್ಡದಾಗಿ ಕಂಡು ಟ್ರಿಗರ್ ಎಳೆಯಲಿಕ್ಕೇ ಧೈರ್ಯ ಬರುವುದಿಲ್ಲ. ಗೆರೆಯಲ್ಲಿ ಸಣ್ಣ ಚುಕ್ಕಿಗಳಿರುವ ಮಿಲ್‌ಡಾಟ್ ಆರಿಸಿ, ಬೇರೆ ಬೇರೆ ದೂರಕ್ಕೆ ಉಪಯೋಗವಾಗುತ್ತದೆ. ಕೆಂಪು-ಹಸಿರು ದೀಪ ಬೇಡ. ಹಾಕ್ ಕಂಪನಿಯ ಎಒ ಮಾದರಿಗಳು ಈ ಕೆಲಸಕ್ಕೆ ಹೆಸರಾದವು. ಬೇರೆ ಕಂಪನಿಯದ್ದಾದರೂ ಸರಿ, ಒಂದು ಮಾತು ಕಡ್ಡಾಯ: ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿರಬೇಕು. ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಒಳಗೆ ಮಂಜು ಕಟ್ಟುತ್ತದೆ, ಆಮೇಲೆ ಗಾಜಿಗೆ ಫಂಗಸ್ ಹಿಡಿಯುತ್ತದೆ. ಹಳೇ ಕ್ಯಾಮೆರಾ ಇಟ್ಟುಕೊಂಡ ಕರಾವಳಿಯವರಿಗೆ ಈ ಫಂಗಸ್ ವಿಷಯ ವಿವರಿಸಬೇಕಾಗಿಲ್ಲ.

ಮೌಂಟಿನಲ್ಲಿ ಉಳಿತಾಯ ಮಾಡಬೇಡಿ. ಎರಡು ಬಿಡಿ ಉಂಗುರಕ್ಕಿಂತ ಒಂದೇ ತುಂಡಿನ ಮೌಂಟ್ ಸ್ಪ್ರಿಂಗ್ ರೈಫಲಿಗೆ ಮೇಲು. ಹಿಡಿತ ಉದ್ದ, ತಡೆಗಡ್ಡಿ ಇರುತ್ತದೆ. ಖರ್ಚಿನ ಹಂಚಿಕೆ ಹೀಗಿರಲಿ: ಒಟ್ಟು ಹಣದ ಅರ್ಧ ರೈಫಲಿಗೆ, ಉಳಿದ ಅರ್ಧದಲ್ಲಿ ಸ್ಕೋಪ್, ಮೌಂಟ್, ನಾಲ್ಕೈದು ಬಗೆಯ ಪೆಲೆಟ್, ಕಣ್ಣಿನ ಕನ್ನಡಕ. ಎಲ್ಲ ಹಣ ರೈಫಲಿಗೇ ಸುರಿದು ಪೆಲೆಟಿಗೆ ಚೌಕಾಸಿ ಮಾಡುವವರೇ ಜಾಸ್ತಿ.

ಹಂತ 6: ಪೆಲೆಟ್

ಒಂದೇ ಕಂಪನಿಯ ಎರಡು ರೈಫಲುಗಳಿಗೂ ಒಂದೇ ಪೆಲೆಟ್ ಹಿಡಿಸುವುದಿಲ್ಲ. ಹಾಗಾಗಿ ಮೊದಲಿಗೆ ಬೇರೆ ಬೇರೆ ಡಬ್ಬಿ ತನ್ನಿ. ಚೆಕ್ ದೇಶದ ಜೆಎಸ್‌ಬಿ, ಜರ್ಮನಿಯ ಎಚ್ ಆಂಡ್ ಎನ್, ಜೊತೆಗೆ ಇಲ್ಲಿಯದೇ ಒಂದೆರಡು. 10 ಮೀಟರಿಗೆ ತಲೆ ಚಪ್ಪಟೆ ಇರುವುದು ಒಳ್ಳೆಯದು, ಕಾಗದದಲ್ಲಿ ದುಂಡಗೆ ಕತ್ತರಿಸಿದ ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ. 20 ಮೀಟರ್ ದಾಟಿದರೆ ದುಂಡು ತಲೆಯದ್ದು. ಚೂಪು ತಲೆಯದ್ದು ನೋಡಲು ಮಾತ್ರ ಚೆಂದ. ಹೆಚ್ಚಿನವು ಸೀಸ, ಆದ್ದರಿಂದ ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ಚಾಯ.

ಹಂತ 7: ಗುರಿಯ ಹಿಂದೆ ಏನಿದೆ

ನಮ್ಮ ಕಡೆ ಕಾಂಪೌಂಡ್ ಅಂದರೆ ಮುರಕಲ್ಲು. ಅದಕ್ಕೆ ನೇರ ಹೊಡೆದರೆ ಪೆಲೆಟ್ ಯಾವ ಕಡೆ ಚಿಮ್ಮುತ್ತದೆ ಅಂತ ಹೇಳಲಾಗದು. ಗೋಡೆಯಾಚೆ ಪಕ್ಕದ ಮನೆಯ ಅಂಗಳ. ತೆಂಗು, ಅಡಿಕೆ ಮರಕ್ಕೆ ಗುರಿ ಅಂಟಿಸಿ ಹೊಡೆಯುವುದಂತೂ ಬೇಡವೇ ಬೇಡ. ಮರಕ್ಕೂ ಗಾಯ, ದುಂಡಗಿನ ಕಾಂಡದ ಅಂಚಿಗೆ ತಾಗಿದ ಪೆಲೆಟ್ ಓರೆಯಾಗಿ ಹಾರುತ್ತದೆ.

ದಪ್ಪ ಹಲಗೆಯ ಪೆಟ್ಟಿಗೆ ಮಾಡಿಸಿ, ಮುಂದಿನ ಬದಿ ತೆರೆದಿರಲಿ. ಒಳಗೆ ಹಳೇ ಪೇಪರ್ ಕಟ್ಟುಗಳನ್ನು ಒತ್ತೊತ್ತಾಗಿ ತುಂಬಿ. ಅದರ ಹಿಂದೆ ಹೊಯ್ಗೆ ತುಂಬಿದ ಗೋಣಿಗಳನ್ನು ಎದೆಯೆತ್ತರಕ್ಕೆ ಪೇರಿಸಿ. ಹೊಯ್ಗೆಯಲ್ಲಿ ಕಲ್ಲು ಇರದಂತೆ ಜರಡಿ ಹಿಡಿಯಿರಿ. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗಬಲ್ಲದು, ಆದ್ದರಿಂದ ಗೋಣಿಯ ಸಾಲು ಗುರಿಗಿಂತ ಮೂರು ಪಟ್ಟು ಅಗಲ ಇರಲಿ. ಗೋಣಿಯ ಹಿಂದೆ ಯಾರೂ ಓಡಾಡದ ಎತ್ತರದ ಮಣ್ಣಿನ ಧರೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ ಹೊಡೆಯುವವರಿಗೂ ಬೇಕು, ನೋಡುವವರಿಗೂ ಬೇಕು. ಮಕ್ಕಳು, ನಾಯಿ, ಕೋಳಿ ಎಲ್ಲ ಹಿಂದೆ ಇರಬೇಕು. ನೆರೆಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಪಟ್ ಪಟ್ ಸದ್ದು ಕೇಳಿ ಅವರು ಠಾಣೆಗೆ ಫೋನ್ ಮಾಡುವುದಕ್ಕಿಂತ ನೀವೇ ಹೋಗಿ ಹೇಳುವುದು ವಾಸಿ. ಅಪಾರ್ಟ್‌ಮೆಂಟಿನ ಟೆರೇಸ್, ಕಡಲತೀರ, ಗದ್ದೆಬದಿಯ ರಸ್ತೆ ಇವು ಯಾವುವೂ ಜಾಗ ಅಲ್ಲ.

ಹಂತ 8: ಸ್ಕೋಪ್ ಕೂರಿಸಿ ಗುರಿ ಹೊಂದಿಸುವುದು

ಹಳಿಯ ಮೇಲಿನ ಎಣ್ಣೆಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಮೌಂಟ್ ಬಿಗಿ ಮಾಡಿ. ಸ್ಕೋಪನ್ನು ಉಂಗುರದಲ್ಲಿ ಸಡಿಲವಾಗಿ ಇಟ್ಟು ಕಣ್ಣಿಗೂ ಗಾಜಿಗೂ ಸುಮಾರು ಮೂರು ಇಂಚು ಅಂತರ ಬರುವಂತೆ ಹಿಂದೆ ಮುಂದೆ ಮಾಡಿ. ಪೂರ್ತಿ ವೃತ್ತ ಕಪ್ಪಂಚಿಲ್ಲದೆ ಕಾಣಬೇಕು. ಗೆರೆ ನೆಟ್ಟಗಿದೆಯಾ ನೋಡಲು ಮೇಸ್ತ್ರಿಯ ತೂಗುಗುಂಡನ್ನು ದೂರದಲ್ಲಿ ನೇತುಹಾಕಿ, ಅದರ ದಾರಕ್ಕೆ ಸ್ಕೋಪಿನ ನಿಂತ ಗೆರೆಯನ್ನು ಹೊಂದಿಸಿ. ಆಮೇಲೆ ಉಂಗುರದ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಸಲ ಬಲ ಹಾಕಿದರೆ ಸ್ಕೋಪಿನ ಕೊಳವೆ ನೆಗ್ಗುತ್ತದೆ.

ಮೊದಲ ಗುಂಡು 10 ಮೀಟರಿನಲ್ಲಿ, ದೊಡ್ಡ ಬಿಳಿ ಕಾಗದಕ್ಕೆ. ಕಾಗದದ ಮೇಲೆ ಎಲ್ಲಿ ಬಿದ್ದರೂ ಸರಿ. ಒಂದೇ ಗುಂಡು ನೋಡಿ ಸ್ಕೋಪಿನ ಮೇಲೆ, ಬದಿಯಲ್ಲಿ ಇರುವ ಗುರಿ ಹೊಂದಿಸುವ ತಿರುಗಣೆ ತಿರುಗಿಸಬೇಡಿ. ಐದು ಹೊಡೆದು, ಆ ಐದು ತೂತುಗಳ ನಡುಭಾಗ ಎಲ್ಲಿದೆ ಅಂತ ನೋಡಿ, ಅದನ್ನು ಗುರಿಯ ಕಡೆ ತನ್ನಿ.

ಎಷ್ಟು ತಿರುಗಿಸುವುದು? ಹೆಚ್ಚಿನ ಸ್ಕೋಪುಗಳಲ್ಲಿ ಈ ತಿರುಗಣೆಯ ಒಂದು ಕ್ಲಿಕ್ ಅಂದರೆ ಕಾಲು ಎಂಒಎ (ಕೋನದ ಒಂದು ಸಣ್ಣ ಅಳತೆ). ಅದು 100 ಮೀಟರಿನಲ್ಲಿ 7.3 ಮಿಲಿಮೀಟರ್, 20 ಮೀಟರಿನಲ್ಲಿ ಸುಮಾರು ಒಂದೂವರೆ, 10 ಮೀಟರಿನಲ್ಲಿ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಅಂದರೆ 20 ಮೀಟರಿನಲ್ಲಿ ಮೂರು ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದರೆ ಸುಮಾರು 20 ಕ್ಲಿಕ್ ಮೇಲಕ್ಕೆ. ಹೊಸಬರು ನಾಲ್ಕು ಕ್ಲಿಕ್ ತಿರುಗಿಸಿ "ಸ್ಕೋಪ್ ಕೆಲಸ ಮಾಡ್ತಾ ಇಲ್ಲ" ಅನ್ನುವುದು ಈ ಲೆಕ್ಕ ಗೊತ್ತಿಲ್ಲದೆ. ತಿರುಗಣೆ ಕೊನೆ ಮುಟ್ಟಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಬ್ಯಾರೆಲ್ ಸ್ವಲ್ಪ ತಗ್ಗಿದೆ ಅಂತ. ಮಡಚುವ ರೈಫಲುಗಳಲ್ಲಿ ಇದು ಮಾಮೂಲು. ಅದಕ್ಕೆಂದೇ ಹಿಂಬದಿ ಎತ್ತರ ಇರುವ ಮೌಂಟ್ ಸಿಗುತ್ತದೆ.

10 ಮೀಟರಿನಲ್ಲಿ ಹತ್ತಿರ ಬಂದ ಮೇಲೆ 20ಕ್ಕೆ ಹೋಗಿ ಅಲ್ಲೇ ಪಕ್ಕಾ ಮಾಡಿ. ಸ್ಕೋಪ್ ನಳಿಗೆಗಿಂತ ಸುಮಾರು 4 ಸೆಂಟಿಮೀಟರ್ ಮೇಲೆ ಕೂತಿರುವುದರಿಂದ ಬೇರೆ ದೂರದಲ್ಲಿ ವ್ಯತ್ಯಾಸ ಬರುತ್ತದೆ. ಸೆಕೆಂಡಿಗೆ 210 ಮೀಟರ್ ಆಸುಪಾಸಿನ ರೈಫಲಿಗೆ 20 ಮೀಟರಿನಲ್ಲಿ ಹೊಂದಿಸಿದರೆ 10 ಮೀಟರಿನಲ್ಲಿ ಒಂದು ಸೆಂಟಿಮೀಟರಿನೊಳಗೆ ಕೆಳಗೆ ಬೀಳುತ್ತದೆ. 5 ಮೀಟರಿನಲ್ಲಿ ಸುಮಾರು ಎರಡು ಸೆಂಟಿಮೀಟರ್ ಕೆಳಗೆ, 30 ಮೀಟರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ನಿಮ್ಮ ರೈಫಲಿನ ಅಂಕಿ ಸ್ವಲ್ಪ ಆಚೀಚೆ ಇದ್ದೀತು. ಹೊಡೆದು ನೋಡಿ ಒಂದು ಚೀಟಿಯಲ್ಲಿ ಬರೆದು ಹಿಡಿಗೆ ಅಂಟಿಸಿಡಿ.

ಹಿಡಿತದ ಬಗ್ಗೆ ಒಂದು ಮಾತು. ಸ್ಪ್ರಿಂಗ್ ರೈಫಲನ್ನು ಬಿಗಿಯಾಗಿ ಅವುಚಿ ಹಿಡಿಯಬಾರದು. ಮುಂದಿನ ಕೈಯ ಅಂಗೈಯನ್ನು ತೆರೆದು ಅದರ ಮೇಲೆ ರೈಫಲನ್ನು ಮಲಗಿಸಿ, ಹೆಗಲಿಗೆ ಮೆಲ್ಲಗೆ ತಾಗಿಸಿ, ಅದು ತನ್ನ ಪಾಡಿಗೆ ಒದ್ದುಕೊಳ್ಳಲು ಬಿಡಿ. ಪ್ರತಿ ಸಲ ಕೈ ಅದೇ ಜಾಗದಲ್ಲಿ ಇರಬೇಕು. ಗಟ್ಟಿ ಮೇಜಿನ ಮೇಲೆ ನೇರ ಇಟ್ಟು ಹೊಡೆದರೆ ಗುಂಡು ಬೇರೆ ಕಡೆ ಹೋಗುತ್ತದೆ, ನಡುವೆ ಮೆತ್ತನೆ ಚೀಲ ಇರಲಿ. ಐದು ಗುಂಡು 20 ಮೀಟರಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳತೊಡಗಿದರೆ ನಿಮ್ಮ ರೈಫಲ್, ಸ್ಕೋಪ್, ಪೆಲೆಟ್ ಮೂರೂ ಸರಿ ಇವೆ. ಅಲ್ಲಿಯವರೆಗೆ ಹೊಸ ಸಾಮಾನು ಕೊಳ್ಳುವ ಯೋಚನೆ ಬೇಡ.

ಹಂತ 9: ಮಳೆಗಾಲ

ಪ್ರತಿ ಸಲ ಹೊಡೆದು ಮುಗಿಸಿದ ಮೇಲೆ ಕಬ್ಬಿಣದ ಭಾಗಗಳನ್ನು ಬಂದೂಕಿನ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ. ಬೆವರು ಕೈ ತಾಗಿದ ಜಾಗದಲ್ಲಿ ಮಾರನೆಯ ದಿನಕ್ಕೇ ಕೆಂಪು ಚುಕ್ಕಿ ಬರುತ್ತದೆ, ಅದರಲ್ಲೂ ಮಲ್ಪೆ, ಉಳ್ಳಾಲದಂಥ ಕಡಲ ಪಕ್ಕದ ಊರುಗಳಲ್ಲಿ. ಬ್ಯಾರೆಲಿನ ಒಳಗೆ, ಗಾಳಿ ಬರುವ ತೂತಿಗೆ ಎಣ್ಣೆ ಬಿಡಬೇಡಿ. ಪಿಸ್ಟನ್ ಒತ್ತಿದ ಬಿಸಿಗೆ ಎಣ್ಣೆ ಹೊತ್ತಿಕೊಂಡು ಢಂ ಅನ್ನುತ್ತದೆ, ಸೀಲೂ ಸ್ಪ್ರಿಂಗೂ ಹಾಳು. ತೆಂಗಿನೆಣ್ಣೆ ಹೊರಗೂ ಬೇಡ.

ಸ್ಪಂಜು ಹಾಕಿದ ಚೀಲ ಒಯ್ಯಲಿಕ್ಕೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರೊಳಗೇ ಇಟ್ಟರೆ ಸ್ಪಂಜು ತೇವ ಹೀರಿಕೊಂಡು ರೈಫಲಿಗೆ ಅಂಟಿಸುತ್ತದೆ. ಬೀಗ ಇರುವ ಕಪಾಟಿನಲ್ಲಿ, ಗೋಡೆಗೆ ತಾಗದಂತೆ, ಸ್ಪ್ರಿಂಗ್ ಒತ್ತದೆ, ಪೆಲೆಟ್ ಹಾಕದೆ ನಿಲ್ಲಿಸಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಬಿಸಿಲು ಬಂದ ದಿನ ಸ್ಕೋಪಿನ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ನೆರಳಿನ ಬೆಳಕಿಗಿಡಿ. ಕತ್ತಲೂ ತೇವವೂ ಸೇರಿದರೆ ಫಂಗಸ್ ಬರುತ್ತದೆ. ಮರದ ಹಿಡಿ ಇದ್ದರೆ ಮಳೆಗಾಲದಲ್ಲಿ ಉಬ್ಬಿ, ದೀಪಾವಳಿ ಹೊತ್ತಿಗೆ ಕುಗ್ಗುತ್ತದೆ, ಅದರ ಜೊತೆ ಸ್ಕ್ರೂಗಳೂ ಸಡಿಲ. ಮಳೆ ನಿಂತ ಮೇಲೆ ಮೊದಲ ಸಲ ಹೊಡೆಯುವ ಮುಂಚೆ ಹಿಡಿಯ ಸ್ಕ್ರೂ, ಮೌಂಟಿನ ಸ್ಕ್ರೂ ಎರಡನ್ನೂ ಬಿಗಿ ಮಾಡಿ, 10 ಮೀಟರಿನಿಂದಲೇ ಗುರಿ ಮತ್ತೆ ಹೊಂದಿಸಿಕೊಳ್ಳಿ.